ತೋಟದ ಸೌದೆ ಬಾಯ್ಲರ್‌ಗೆ ಹೋದರೆ ನಿಜಕ್ಕೂ ಇಂಗಾಲ ಇಲ್ವಾ? ಲಾರಿ ಡೀಸೆಲ್ ಲೆಕ್ಕ ಗೊತ್ತಿರುವವರು ಹೇಳಿ

ಸುಂಟಿಕೊಪ್ಪ_ರೊಬಸ್ಟಾ

ಎಲ್ಲರಿಗೂ ನಮಸ್ಕಾರ. ತೋಟದವರು, ಫಾರೆಸ್ಟ್ರಿ ಓದಿದವರು, ಲಾರಿ ಓಡಿಸುವವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ. ಒಂದು ವಿಷಯ ಬಿಡಿಸಿ ಹೇಳಿ.

ನಮ್ಮದು ಕೊಡಗಿನಲ್ಲಿ ರೊಬಸ್ಟಾ ಕಾಫಿ ತೋಟ. ನೆರಳಿಗೆ ಸಿಲ್ವರ್ ಓಕ್ ಜಾಸ್ತಿ, ಅದಕ್ಕೆ ಕಾಳುಮೆಣಸು ಹಬ್ಬಿಸಿದ್ದೇವೆ. ನಡುನಡುವೆ ಅತ್ತಿ, ಹಲಸು, ಹಾಲುವಾಣ ಇದೆ. ಮಳೆ ಹಿಡಿಯುವ ಮುಂಚೆ ಮರ ಕಪಾತು ಮಾಡಿಸುತ್ತೇವೆ, ಅಂದರೆ ಕೊಂಬೆ ಸವರಿಸುತ್ತೇವೆ. ದಪ್ಪ ಕೊಂಬೆ ಲೈನ್‌ಮನೆಯಲ್ಲಿರುವ ಕೆಲಸಗಾರರಿಗೆ ಮತ್ತು ನಮ್ಮ ಬಚ್ಚಲು ಒಲೆಗೆ ಆಗುತ್ತದೆ. ಸಣ್ಣದೆಲ್ಲ ತೋಟದಲ್ಲೇ ಕೊಳೆಯುತ್ತದೆ.

ಈ ವರ್ಷ ಒಬ್ಬ ಸೌದೆ ವ್ಯಾಪಾರಿ ಬಂದಿದ್ದಾರೆ. ಮೈಸೂರಿನ ಆಚೆ ಫ್ಯಾಕ್ಟರಿ ಬಾಯ್ಲರ್‌ಗಳಿಗೆ ಸೌದೆ ಚೂರು ಮತ್ತು ಪೆಲೆಟ್ (ಮರದ ಪುಡಿ ಒತ್ತಿ ಮಾಡಿದ ಗುಳಿಗೆ) ಕೊಡುವವರು. ಕಪಾತಿನ ಕೊಂಬೆಯನ್ನೆಲ್ಲ ತಗೊಳ್ತಾರಂತೆ, ಜೊತೆಗೆ ಗಡಿಯ ಸಾಲಿನ ದೊಡ್ಡ ಸಿಲ್ವರ್ ಓಕ್ ಬುಡಸಮೇತ ಬೇಕಂತೆ, ಬಾಣೆಯಲ್ಲಿರುವ (ಗದ್ದೆಗೆ ಸೇರಿದ ಕಾಡುಜಮೀನು) ಹಳೇ ಮರ ಸಿಕ್ಕರೆ ಅದೂ ಆಗಬಹುದಂತೆ. ಅವರ ಮಾತು ಇಷ್ಟೇ: ಇದು ಕಲ್ಲಿದ್ದಲಿಗೆ ಬದಲಿ, ಮರ ಮತ್ತೆ ಬೆಳೆಯುತ್ತೆ, ಹಾಗಾಗಿ ಇಂಗಾಲ ಸೊನ್ನೆ. ನನ್ನ ತಮ್ಮ ಒಪ್ಪುವುದಿಲ್ಲ. ಗರಗಸದ ಮಿಷಿನ್‌ಗೆ ಪೆಟ್ರೋಲ್, ತೋಟದಿಂದ ರಸ್ತೆವರೆಗೆ ಪಿಕಪ್, ಆಮೇಲೆ ಲಾರಿ, ಅಲ್ಲಿ ಒಣಗಿಸುವ ಮಿಷಿನ್, ಇಷ್ಟೆಲ್ಲ ಸುಟ್ಟ ಮೇಲೆ ಸೊನ್ನೆ ಹೇಗಾಗುತ್ತೆ ಅಂತ ಅವನ ವಾದ.

ಇಬ್ಬರಲ್ಲಿ ಯಾರದ್ದು ಸರಿ? ಸಾಗಣೆಯಿಂದ ನಿಜಕ್ಕೂ ಎಷ್ಟು ಹೊಗೆ? ಪಿರಿಯಾಪಟ್ಟಣದ ತಂಬಾಕು ಬ್ಯಾರನ್‌ಗಳಿಗೂ (ಎಲೆ ಹದ ಮಾಡುವ ಗೂಡು) ಸೌದೆ ಕೇಳುತ್ತಾರೆ, ಅದು ಹತ್ತಿರ. ಅಲ್ಲಿಗೆ ಕೊಡುವುದು ವಾಸಿಯಾ? ಅಥವಾ ಏನೂ ಕೊಡದೆ ತೋಟದಲ್ಲೇ ಬಿಟ್ಟುಬಿಡೋದಾ? ದುಡ್ಡಿನ ಲೆಕ್ಕ ನಾನು ಮಾಡಿಕೊಳ್ಳುತ್ತೇನೆ. ನನಗೆ ಬೇಕಿರುವುದು ಇಂಗಾಲದ ಲೆಕ್ಕ.

ಪೊನ್ನಂಪೇಟೆ_ಫಾರೆಸ್ಟ್ರಿ

ಒಳ್ಳೆ ಪ್ರಶ್ನೆ ಅಣ್ಣ. ಪೊನ್ನಂಪೇಟೆ ಅರಣ್ಯ ಕಾಲೇಜಿನಲ್ಲಿ ಓದುವಾಗ ಇದೇ ಲೆಕ್ಕ ಮಾಡಿಸುತ್ತಿದ್ದರು, ಹಾಗಾಗಿ ಅಂಕಿ ಸಮೇತ ಹೇಳುತ್ತೇನೆ. ನೀವು ನಿಮ್ಮ ಅಂಕಿ ಹಾಕಿ ಮತ್ತೆ ಲೆಕ್ಕ ಮಾಡಿ.

ಒಂದು ಲಾರಿಯಲ್ಲಿ 10 ಟನ್ ಸೌದೆ ಹೋಯಿತು ಅಂತ ಇಟ್ಟುಕೊಳ್ಳಿ. ಅರೆ ಒಣಗಿದ ಸೌದೆ, ತೂಕದಲ್ಲಿ ನೂರಕ್ಕೆ 30 ಭಾಗ ನೀರು. ಉಳಿದದ್ದು 7 ಟನ್ ಒಣ ಮರ. ಒಣ ಮರದ ತೂಕದಲ್ಲಿ ಹೆಚ್ಚೂಕಡಿಮೆ ಅರ್ಧ ಇಂಗಾಲ, ಅಂದರೆ 3.5 ಟನ್. ಒಂದು ಟನ್ ಇಂಗಾಲ ಸುಟ್ಟರೆ 3.67 ಟನ್ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಹಾಗಾಗಿ ಆ ಒಂದು ಲೋಡ್ ಸುಟ್ಟಾಗ ಚಿಮಣಿಯಿಂದ ಹೋಗುವುದು ಸುಮಾರು 12.8 ಟನ್.

ಈಗ ಡೀಸೆಲ್. ನಂಜನಗೂಡು ಕಡೆ ಅಂತ ಹಿಡಿದರೆ ಒಂದು ಕಡೆಗೆ 125 ಕಿ.ಮೀ., ಖಾಲಿ ವಾಪಸ್ ಸೇರಿ 250. ಲೀಟರಿಗೆ 4 ಕಿ.ಮೀ. ಅಂದರೆ 62 ಲೀಟರ್. ಒಂದು ಲೀಟರ್ ಡೀಸೆಲ್ ಸುಟ್ಟರೆ 2.68 ಕೆಜಿ ಕಾರ್ಬನ್ ಡೈಆಕ್ಸೈಡ್. ಒಟ್ಟು 166 ಕೆಜಿ. ಗರಗಸ, ಪಿಕಪ್ ಎಲ್ಲಾ ಸೇರಿ ಇನ್ನೊಂದು 40 ಕೆಜಿ ಹಾಕಿ. ಕಡಿದು ಸಾಗಿಸುವುದಕ್ಕೆ ಸುಮಾರು 200 ಕೆಜಿ ಆಯಿತು. 12,800 ಕೆಜಿ ಮುಂದೆ ಅದು ನೂರಕ್ಕೆ ಎರಡೂ ಇಲ್ಲ.

ಪೆಲೆಟ್ ಮಾಡಿದರೆ ಕಥೆ ಸ್ವಲ್ಪ ಬೇರೆ. ಒಣಗಿಸಬೇಕು, ಪುಡಿ ಮಾಡಬೇಕು, ಒತ್ತಬೇಕು. ಟನ್ನಿಗೆ 100 ಯೂನಿಟ್ ಕರೆಂಟ್ ಅಂತ ಕಡಿಮೆಯೇ ಹಿಡಿಯೋಣ. ನಮ್ಮ ದೇಶದ ಗ್ರಿಡ್ ಕರೆಂಟಿಗೆ ಯೂನಿಟ್‌ಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್ ಬೀಳುತ್ತದೆ. 7 ಟನ್ ಒಣ ಮರದಿಂದ ಏಳೆಂಟು ಟನ್ ಪೆಲೆಟ್ ಆದರೆ ಹೆಚ್ಚುಕಮ್ಮಿ 500 ಕೆಜಿ. ಸಾಗಣೆಗಿಂತ ಎರಡೂವರೆ ಪಟ್ಟು. ನಿಮ್ಮ ತಮ್ಮ ಲಾರಿಯನ್ನು ನೋಡುತ್ತಿದ್ದಾರೆ, ಅದಕ್ಕಿಂತ ದೊಡ್ಡದು ಆ ಮಿಷಿನ್ ಮನೆಯಲ್ಲಿದೆ. ಎಲ್ಲಕ್ಕಿಂತ ದೊಡ್ಡದು ಚಿಮಣಿಯಲ್ಲಿದೆ.

ವ್ಯಾಪಾರಿ ಹೇಳುವ ‘ಸೊನ್ನೆ’ ಪೂರ್ತಿ ನಿಂತಿರುವುದು ಆ 12.8 ಟನ್ ಲೆಕ್ಕಕ್ಕೆ ಬರುವುದಿಲ್ಲ ಅನ್ನುವ ಒಂದು ಮಾತಿನ ಮೇಲೆ. ಹೊಗೆಯನ್ನು ಮಾತ್ರ ನೋಡಿದರೆ ಮರ ಕಲ್ಲಿದ್ದಲಿಗಿಂತ ಒಳ್ಳೆಯದೇನಲ್ಲ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ ಕೊಡುವ ಪಟ್ಟಿಯಲ್ಲಿ ಒಂದು ಗಿಗಾಜೂಲ್ ಶಾಖಕ್ಕೆ ಸೌದೆಯಿಂದ 112 ಕೆಜಿ, ಸಾಮಾನ್ಯ ಕಲ್ಲಿದ್ದಲಿನಿಂದ 94.6 ಕೆಜಿ. ಸೌದೆ ಹಸಿ ಇದ್ದಷ್ಟೂ ವ್ಯತ್ಯಾಸ ಇನ್ನೂ ಹೆಚ್ಚು, ಯಾಕೆಂದರೆ ಶಾಖದ ಒಂದು ಪಾಲು ಸುಮ್ನೆ ನೀರು ಆರಿಸುವುದಕ್ಕೇ ಹೋಗುತ್ತದೆ.

ಹಾಗಾದರೆ ಮರ ಸುಡುವುದು ಯಾವಾಗ ಒಳ್ಳೆಯದು? ಆ ಸೌದೆಯನ್ನು ನೀವು ಸುಡದೆ ಇದ್ದಿದ್ದರೆ ಏನಾಗುತ್ತಿತ್ತು ಅಂತ ಕೇಳಿಕೊಳ್ಳಿ. ನಿಮ್ಮ ಕಪಾತಿನ ಕೊಂಬೆ ಕೊಡಗಿನ ಮಳೆಗೆ, ಗೆದ್ದಲಿಗೆ ಕೆಲವೇ ವರ್ಷಗಳಲ್ಲಿ ಕರಗಿ ಹೋಗುತ್ತದೆ. ಅದರ ಇಂಗಾಲದಲ್ಲಿ ಸ್ವಲ್ಪ ಮಣ್ಣಿಗೆ ಸೇರುತ್ತದೆ, ಬಹುಪಾಲು ಗಾಳಿಗೇ ಹೋಗುತ್ತದೆ. ಕೊಂಬೆ ಮತ್ತೆ ಚಿಗುರುತ್ತದೆ. ಹಾಗಾಗಿ ದಪ್ಪ ಕೊಂಬೆ ಸುಟ್ಟು ಕಲ್ಲಿದ್ದಲು ಉಳಿಸಿದರೆ ನಿಜವಾದ ಲಾಭ, ಅದೂ ಬೇಗ ಸಿಗುವ ಲಾಭ. ನಿಂತ ಮರ ಕಡಿದರೆ ಹಾಗಲ್ಲ. ಅದು ಇನ್ನೂ ಬೆಳೆಯುತ್ತಿತ್ತು, ಇಂಗಾಲ ಹಿಡಿಯುತ್ತಿತ್ತು. ಸಿಲ್ವರ್ ಓಕ್ ಕಡಿದ ದಿನವೇ ಹೊಸ ಸಸಿ ನೆಟ್ಟರೂ ಅದು ಆ ಗಾತ್ರಕ್ಕೆ ಬರಲು ಇಪ್ಪತ್ತು ವರ್ಷ ಹತ್ತಿರ ಬೇಕು, ಅಲ್ಲಿವರೆಗೆ ಗಾಳಿಗೆ ಸಾಲ. ಬಾಣೆಯ ನಂದಿ, ಮತ್ತಿ, ಬೀಟೆ ಕಡಿದರೆ ಆ ಸಾಲ ನಮ್ಮ ಮೊಮ್ಮಕ್ಕಳ ಕಾಲಕ್ಕೂ ತೀರುವುದಿಲ್ಲ.

ನನ್ನ ಅಭಿಪ್ರಾಯ: ದಪ್ಪ ಕೊಂಬೆ ಕೊಡಿ. ಸೊಪ್ಪು, ಸಣ್ಣ ರೆಂಬೆ ತೋಟದಲ್ಲೇ ಬಿಡಿ, ಗೊಬ್ಬರದ ಸತ್ವ ಇರುವುದು ಅದರಲ್ಲೇ. ಸಿಲ್ವರ್ ಓಕ್ ಹೇಗಿದ್ದರೂ ವಯಸ್ಸಾಗಿ ಬದಲಿಸಬೇಕಾಗಿದ್ದರೆ ದಿಮ್ಮಿಯನ್ನು ಪ್ಲೈವುಡ್‌ಗೆ, ನಾಟಾಕ್ಕೆ ಕೊಡಿ, ಇಂಗಾಲ ಮರದಲ್ಲೇ ಕೆಲವು ವರ್ಷ ಕೂತಿರುತ್ತದೆ. ಬಾಣೆ ಮರದ ಮಾತೇ ಬೇಡ.

ಘಾಟಿ_ಚಾಲಕ

ಮೇಲೆ ಲೆಕ್ಕ ಹಾಕಿದವರಿಗೆ ಒಂದು ಮಾತು ಸರ್. ಕಾಗದದ ಮೇಲೆ 10 ಟನ್ ಸರಿ, ಆದರೆ ಕಪಾತಿನ ಕೊಂಬೆ ಯಾವತ್ತೂ 10 ಟನ್ ತೂಗುವುದಿಲ್ಲ. ದಿಮ್ಮಿ ತುಂಬಿದರೆ ತೂಕ ಬರುತ್ತದೆ. ಕೊಂಬೆ ತುಂಬಿದರೆ ಗಾಡಿ ಮೇಲೆ ಬೆಟ್ಟದ ಹಾಗೆ ಕಾಣುತ್ತದೆ, ತೂಗುವ ಸೇತುವೆ ಮೇಲೆ ನಿಲ್ಲಿಸಿದರೆ ಅರ್ಧ. ಸೊಟ್ಟ ಕೊಂಬೆಗಳ ನಡುವೆ ಬರೀ ಗಾಳಿ. ಡೀಸೆಲ್ ಮಾತ್ರ ಅರ್ಧ ಆಗುವುದಿಲ್ಲ. ಖಾಲಿ ಬಂದರೂ ಆ ಗಾಡಿಯ ತೂಕವನ್ನು ಎಳೆಯಲೇಬೇಕು. ಹಾಗಾಗಿ ಟನ್ನಿಗೆ ನೀವು ಹೇಳಿದ್ದಕ್ಕಿಂತ ಡಬಲ್ ಹತ್ತಿರ ಹಾಕಿ.

ಇನ್ನೊಂದು ನೀರು. ಮಳೆಗಾಲದಲ್ಲಿ ಕಡಿದ ಹಸಿ ಸೌದೆ ಅಂದರೆ ಅರ್ಧಕ್ಕರ್ಧ ನೀರು. ಕೊಡಗಿನಿಂದ ಮೈಸೂರಿಗೆ ಲಾರಿಯಲ್ಲಿ ನೀರು ಸಾಗಿಸಿ ಅಲ್ಲಿ ಬೆಂಕಿ ಹಾಕಿ ಆರಿಸುವುದು ಯಾವ ಬುದ್ಧಿ? ಮಳೆ ಜೋರಾದಾಗ ಜಿಲ್ಲಾಡಳಿತ ಮರ, ಮರಳು ಸಾಗಿಸುವ ದೊಡ್ಡ ಗಾಡಿಗಳನ್ನು ನಿಲ್ಲಿಸುವುದೂ ಉಂಟು, ಆವಾಗ ಕಡಿದದ್ದು ರಸ್ತೆ ಪಕ್ಕದಲ್ಲೇ ನೆನೆಯುತ್ತಾ ಇರುತ್ತದೆ.

ಲೀಟರಿಗೆ 4 ಅಂದಿದ್ದೀರಿ. ಕುಶಾಲನಗರ ದಾಟಿದ ಮೇಲೆ ಹೌದು, ರಸ್ತೆ ಚೆನ್ನಾಗಿದೆ. ಮಾದಾಪುರ, ಸೋಮವಾರಪೇಟೆ ಕಡೆಯ ಏರು ತಿರುವಿನಲ್ಲಿ ಲೋಡ್ ಇಟ್ಟುಕೊಂಡು 3 ಸಿಕ್ಕರೆ ಪುಣ್ಯ. ಮಾಕುಟ್ಟ ಇಳಿದು ಕೇರಳಕ್ಕೆ, ಸಂಪಾಜೆ ಇಳಿದು ಮಂಗಳೂರಿಗೆ ಹೋಗುವ ಗಾಡಿಗಳಿಗೆ ವಾಪಸ್ ಹತ್ತುವಾಗ ಖಾಲಿಯಾದರೂ ಎಣ್ಣೆ ಕುಡಿಯುತ್ತದೆ.

ಇಷ್ಟೆಲ್ಲ ಸೇರಿಸಿದರೂ ನೂರಕ್ಕೆ ನಾಲ್ಕೈದು ಆಗಬಹುದು ಅಷ್ಟೇ, ಅದು ಒಪ್ಪಿದೆ. ಆದರೆ ಆ ನಾಲ್ಕೈದು ನಮ್ಮ ಕೈಯಲ್ಲಿದೆ. ಮರ ಬೆಳೆಯುವ ವೇಗ ನಮ್ಮ ಕೈಯಲ್ಲಿಲ್ಲ, ಒಣಗಿಸಿ ತುಂಬುವುದು, ವಾಪಸ್ ಬರುವಾಗ ಗೊಬ್ಬರವೋ ಸಿಮೆಂಟೋ ತರುವುದು ಕೈಯಲ್ಲಿದೆ ಅಲ್ವಾ?

ಬೆಂಗಳೂರಲ್ಲಿರೋ_ಕೊಡಗಿನವಳು

ಕಂಪನಿಗಳ ಇಂಗಾಲ ವರದಿ ತಯಾರಿಸುವುದು ನನ್ನ ಕೆಲಸ. ವ್ಯಾಪಾರಿ ಹೇಳುವ ‘ಸೊನ್ನೆ’ ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ, ಇದು ಗೊತ್ತಿದ್ದರೆ ಯಾರೂ ಯಾಮಾರಿಸಲು ಆಗುವುದಿಲ್ಲ.

ದೇಶಗಳು ವಿಶ್ವಸಂಸ್ಥೆಗೆ ಇಂಗಾಲದ ಲೆಕ್ಕ ಕೊಡುವಾಗ ಒಂದು ನಿಯಮ ಇದೆ. ಮರ ಕಡಿದಾಗಲೇ ಅದರ ಇಂಗಾಲ ಹೋಯಿತು ಅಂತ ಭೂಮಿ ಮತ್ತು ಕಾಡಿನ ಪಟ್ಟಿಯಲ್ಲಿ ಬರೆಯಬೇಕು. ಅದೇ ಮರ ಸುಟ್ಟಾಗ ಇಂಧನದ ಪಟ್ಟಿಯಲ್ಲಿ ಮತ್ತೆ ಬರೆದರೆ ಒಂದೇ ಇಂಗಾಲ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಅದನ್ನು ತಪ್ಪಿಸಲು ಇಂಧನದ ಕಡೆ ಸೊನ್ನೆ ಹಾಕುತ್ತಾರೆ. ಹೊಗೆ ಇಲ್ಲ ಅಂತ ಅಲ್ಲ, ಆ ಹೊಗೆ ಬೇರೆ ಪುಟದಲ್ಲಿದೆ ಅಂತ. ಆಮೇಲೆ ಆ ಬೇರೆ ಪುಟವನ್ನು ಎಲ್ಲರೂ ಮರೆತು ಸೊನ್ನೆಯನ್ನು ಮಾತ್ರ ಹಿಡಿದುಕೊಂಡರು. 2009ರಲ್ಲಿ ಟಿಮೊಥಿ ಸರ್ಚಿಂಜರ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಇದು ಲೆಕ್ಕದಲ್ಲೇ ಇರುವ ದೊಡ್ಡ ತಪ್ಪು, ಸರಿಪಡಿಸಬೇಕು ಅಂತ ಬರೆದರು. ಅವತ್ತಿನಿಂದ ವಾದ ನಡೆದೇ ಇದೆ.

ಇದರ ದೊಡ್ಡ ಉದಾಹರಣೆ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿರುವ ಡ್ರ್ಯಾಕ್ಸ್ ವಿದ್ಯುತ್ ಸ್ಥಾವರ. ಮೊದಲು ಕಲ್ಲಿದ್ದಲಿನದ್ದು, 2013ರಿಂದ ಒಂದೊಂದೇ ಘಟಕವನ್ನು ಮರದ ಪೆಲೆಟ್‌ಗೆ ಬದಲಿಸಿದರು. ಪೆಲೆಟ್ ಬರುವುದು ಬಹುಪಾಲು ಅಮೆರಿಕದ ದಕ್ಷಿಣ ರಾಜ್ಯಗಳಿಂದ ಮತ್ತು ಕೆನಡಾದಿಂದ, ಅಟ್ಲಾಂಟಿಕ್ ದಾಟಿ ಹಡಗಿನಲ್ಲಿ. ಬ್ರಿಟನ್ನಿನ ಲೆಕ್ಕದಲ್ಲಿ ಆ ಚಿಮಣಿಯ ಕಾರ್ಬನ್ ಡೈಆಕ್ಸೈಡ್ ಸೊನ್ನೆ. ಕಡಿಯುವುದು, ಒಣಗಿಸುವುದು, ಹಡಗು, ರೈಲು ಇವುಗಳ ಹೊಗೆಯನ್ನು ಮಾತ್ರ ಸೇರಿಸಿ ಮಿತಿಯೊಳಗೆ ಇದೆಯಾ ಅಂತ ನೋಡುತ್ತಾರೆ. ನಿಮ್ಮ ತಮ್ಮ ಕೇಳುತ್ತಿರುವ ಪ್ರಶ್ನೆಗೆ ಅಲ್ಲಿ ಕಟ್ಟುನಿಟ್ಟಾಗಿ ಉತ್ತರ ಸಿಗುತ್ತದೆ, ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಪ್ರಶ್ನೆಗೆ ಸಿಗುವುದಿಲ್ಲ.

ನಮ್ಮ ಕಡೆ ಹೇಗೆ ಅಂದರೆ, ಕಂಪನಿ ವರದಿಯಲ್ಲಿ ಕಲ್ಲಿದ್ದಲು, ಡೀಸೆಲ್ ಹೊಗೆ ಮುಖ್ಯ ಪಟ್ಟಿಯಲ್ಲಿ ಬರುತ್ತದೆ. ಮರ ಸುಟ್ಟ ಕಾರ್ಬನ್ ಡೈಆಕ್ಸೈಡ್ ಅನ್ನು ಆ ಪಟ್ಟಿಯ ಹೊರಗೆ ಬೇರೆಯಾಗಿ ಬರೆಯಬೇಕು. ಬಾಯ್ಲರ್ ಕಲ್ಲಿದ್ದಲಿನಿಂದ ಸೌದೆಗೆ ಬದಲಾದ ವರ್ಷ ಮುಖ್ಯ ಪಟ್ಟಿ ದಿಢೀರ್ ಇಳಿಯುತ್ತದೆ. ವರದಿ ಓದುವವರು ಆ ಬೇರೆ ಸಾಲನ್ನು ನೋಡುವುದೇ ಇಲ್ಲ. ವ್ಯಾಪಾರಿ ನಿಮ್ಮ ತೋಟಕ್ಕೆ ಬಂದಿರುವುದು ಇದೇ ಬೇಡಿಕೆಯಿಂದ.

ಕೇಂದ್ರ ವಿದ್ಯುತ್ ಸಚಿವಾಲಯ 2021ರಲ್ಲಿ ಕಲ್ಲಿದ್ದಲು ಸ್ಥಾವರಗಳು ನೂರಕ್ಕೆ 5ರಷ್ಟು ಜೀವರಾಶಿ ಪೆಲೆಟ್ ಸೇರಿಸಿ ಸುಡಬೇಕು ಅಂತ ನಿಯಮ ಮಾಡಿತು. ಅದು ಮುಖ್ಯವಾಗಿ ಬೆಳೆ ಉಳಿಕೆಗೆ, ಗದ್ದೆಯಲ್ಲೇ ಸುಟ್ಟುಹೋಗುವ ಹುಲ್ಲಿಗೆ ಮಾಡಿದ್ದು. ಅದು ಒಳ್ಳೆಯದೇ. ನಿಂತ ಮರವನ್ನು ಅದರ ಹೆಸರಲ್ಲಿ ಕೇಳಿದರೆ ದಯವಿಟ್ಟು ಕೊಡಬೇಡಿ ಅಣ್ಣ.

ಬಾಣೆಕಾಡು

ಫಾರೆಸ್ಟ್ರಿ ಓದಿದವರು ಹೇಳಿದ್ದರಲ್ಲಿ ಒಂದಕ್ಕೆ ನನ್ನ ಒಪ್ಪಿಗೆ ಇಲ್ಲ. ಸಿಲ್ವರ್ ಓಕ್ ಇಪ್ಪತ್ತು ವರ್ಷಕ್ಕೆ ಬದಲಿಸಿ ದಿಮ್ಮಿ ಕೊಡಿ ಅನ್ನುವುದು ಕೇಳಲು ಸುಲಭ. ದಕ್ಷಿಣ ಕೊಡಗಿನಲ್ಲಿ ನಮ್ಮ ಸುತ್ತ ಆದದ್ದು ಏನು? ಮೂವತ್ತು ನಲವತ್ತು ಬಗೆಯ ಕಾಡುಮರ ಇದ್ದ ತೋಟಗಳು ಈಗ ಸಿಲ್ವರ್ ಓಕ್ ಸಾಲುಗಳಾಗಿವೆ. ಆಸ್ಟ್ರೇಲಿಯಾದ ಮರ ಅದು. ಯಾಕೆ ಹಾಗಾಯಿತು ಅಂತಲೂ ಹೇಳಬೇಕು. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯಲು ಅನುಮತಿ ಬೇಡದ ಮರಗಳ ಪಟ್ಟಿ ಇದೆ, ಅದರಲ್ಲಿ ಸಿಲ್ವರ್ ಓಕ್ ಇದೆ. ನಮ್ಮ ಬಾಣೆಯ ಬೀಟೆ, ನಂದಿಗೆ ಅರಣ್ಯ ಇಲಾಖೆಗೆ ಅಲೆಯಬೇಕು. ಸರ್ಕಾರಕ್ಕೆ ಹಣ ಕಟ್ಟಿ ಬಿಡಿಸಿಕೊಳ್ಳದ ಬಾಣೆಯಾದರೆ ಆ ಮರದ ಹಕ್ಕೇ ನಮ್ಮದಲ್ಲ. ನೆಟ್ಟು ಸಾಕಿದವನಿಗೆ ಸಿಗದ ಮರವನ್ನು ಯಾರು ನೆಡುತ್ತಾರೆ? ಈಗ ಇದರ ಮೇಲೆ ಸೌದೆಗೂ ಗಿರಾಕಿ ಬಂದರೆ ಉಳಿದಿರುವ ಅತ್ತಿ, ಹಾಲುವಾಣವೂ ಹೋಗುತ್ತದೆ. ಹಾಲುವಾಣಕ್ಕೂ ಅನುಮತಿ ಬೇಡ.

ಇಂಗಾಲವನ್ನು ಕಾಂಡದಲ್ಲಿ ಮಾತ್ರ ಲೆಕ್ಕ ಹಾಕಬೇಡಿ. ಮರ ಹೋದರೆ ನೆಲಕ್ಕೆ ಬಿಸಿಲು ಬೀಳುತ್ತದೆ, ಎಲೆ ಬೀಳುವುದು ನಿಲ್ಲುತ್ತದೆ, ಮಣ್ಣಿನ ಸತ್ವವೂ ಸುಡುತ್ತದೆ. ಅರೇಬಿಕಾ ಕಾಫಿ ಇದ್ದವರಿಗೆ ನೆರಳು ಕಮ್ಮಿಯಾದ ಕಡೆ ಬಿಳಿ ಕಾಂಡಕೊರಕ ಹುಳ ಹೇಗೆ ಬರುತ್ತದೆ ಅಂತ ನಾನು ಹೇಳಬೇಕಿಲ್ಲ. ಗಿಡ ಸತ್ತು ಕಿತ್ತುಹಾಕಿದರೆ ಅದೂ ಇಂಗಾಲವೇ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ ಕಡೆ ಬೆಟ್ಟಗಳು ಜಾರಿದ್ದನ್ನು ಕಣ್ಣಾರೆ ಕಂಡವರು ನಾವು. ಅದಕ್ಕೆ ಕಾರಣ ಹಲವು, ಮಳೆಯೇ ವಿಪರೀತವಿತ್ತು. ಆದರೂ ಇಳಿಜಾರಿನಲ್ಲಿ ಬೇರು ಮಣ್ಣು ಹಿಡಿಯುತ್ತದೆ ಅನ್ನುವುದರಲ್ಲಿ ಯಾರಿಗೂ ಅನುಮಾನ ಇಲ್ಲ. ಸೌದೆ ಬೆಲೆಗೆ ಆ ಬೇರನ್ನು ಕೊಡಬಾರದು.

ಪೊನ್ನಂಪೇಟೆ_ಫಾರೆಸ್ಟ್ರಿ

ಬಾಣೆಕಾಡು ಅವರೇ, ಹಕ್ಕಿನ ವಿಷಯ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಹೇಳಿದ್ದು ಈಗಾಗಲೇ ನಿಂತಿರುವ, ಬದಲಿಸಲೇಬೇಕಾದ ಸಿಲ್ವರ್ ಓಕ್ ಬಗ್ಗೆ. ಆ ಜಾಗದಲ್ಲಿ ಮತ್ತೆ ಸಿಲ್ವರ್ ಓಕ್ ಬೇಡ, ಕಾಡುಮರ ನೆಡಿ ಅಂದರೆ ನಾನೂ ಕೈ ಎತ್ತುತ್ತೇನೆ. ಆದರೆ ಮೆಣಸು ಹಬ್ಬಿಸಿದವರು ಒಪ್ಪುವುದು ಕಷ್ಟ, ನೇರ ಕಾಂಡ ಬೇಕು ಅವರಿಗೆ. ಈ ಜಗಳ ಈ ಥ್ರೆಡ್‌ನಲ್ಲಿ ಮುಗಿಯುವುದಲ್ಲ.

ಪಿರಿಯಾಪಟ್ಟಣ_ಸೊಪ್ಪು

ನಮ್ಮ ಬ್ಯಾರನ್ ಹೆಸರು ಬಂದದ್ದಕ್ಕೆ ಬರೆಯುತ್ತಿದ್ದೇನೆ. ಪಿರಿಯಾಪಟ್ಟಣ, ಹುಣಸೂರು ಕಡೆ ವರ್ಜೀನಿಯಾ ತಂಬಾಕು ಬೆಳೆಯುವ ಎಲ್ಲರಿಗೂ ಸೌದೆ ಒಂದು ದೊಡ್ಡ ಖರ್ಚು. ಜುಲೈಯಿಂದ ಸೊಪ್ಪು ಮುರಿದು ಬ್ಯಾರನ್‌ಗೆ ಏರಿಸುತ್ತೇವೆ, ಒಂದು ಸಲ ಬೇಯಿಸಲು ಐದಾರು ದಿನ ಹಗಲು ರಾತ್ರಿ ಬೆಂಕಿ ಬೇಕು. ಒಂದು ಕೆಜಿ ಹದವಾದ ಸೊಪ್ಪಿಗೆ ನಾಲ್ಕೈದು ಕೆಜಿ ಸೌದೆ ಬೀಳುತ್ತದೆ. ಹಳೇ ಬ್ಯಾರನ್ ಆದರೆ ಇನ್ನೂ ಜಾಸ್ತಿ. ನಮ್ಮ ಸುತ್ತಲಿನ ಮರ ಯಾವತ್ತೋ ಮುಗಿದಿದೆ, ಹಾಗಾಗಿ ಕೊಡಗಿನ ಸೌದೆ ಹುಡುಕಿಕೊಂಡು ಬರುತ್ತೇವೆ.

ಸುಂಟಿಕೊಪ್ಪದಿಂದ ನಮ್ಮ ಕಡೆಗೆ 35 ಕಿ.ಮೀ. ಆಸುಪಾಸು. ಡೀಸೆಲ್ ಲೆಕ್ಕದಲ್ಲಿ ನಾವೇ ವಾಸಿ. ಪೆಲೆಟ್ ಮಾಡುವ ಕರೆಂಟೂ ಬೇಡ, ಕೊಂಬೆಯನ್ನು ಹಾಗೇ ಹಾಕುತ್ತೇವೆ. ಆದರೆ ಮುಚ್ಚುಮರೆ ಇಲ್ಲದೆ ಹೇಳಬೇಕು ಅಂದರೆ ನಮ್ಮ ಬ್ಯಾರನ್‌ನಲ್ಲಿ ಶಾಖ ಪೋಲಾಗುವಷ್ಟು ಒಳ್ಳೆ ಬಾಯ್ಲರ್‌ನಲ್ಲಿ ಆಗುವುದಿಲ್ಲ. ಚಾವಣಿಗೆ ಶಾಖ ತಡೆಯುವ ಹೊದಿಕೆ ಹಾಕಿಸಿದವರಿಗೆ ಸೌದೆ ಉಳಿಯುತ್ತದೆ, ನಾನೂ ಹಾಕಿಸಿದ್ದೇನೆ, ವ್ಯತ್ಯಾಸ ಗೊತ್ತಾಗುತ್ತದೆ. ನಮಗೆ ನಿಮ್ಮ ದೊಡ್ಡ ಮರ ಬೇಡವೇ ಬೇಡ. ಒಣಗಿದ ಕೊಂಬೆ, ಕಿತ್ತ ಕಾಫಿ ಬುಡ ಸಿಕ್ಕರೆ ಅದಕ್ಕಿಂತ ಒಳ್ಳೆ ಸೌದೆ ಇಲ್ಲ.

ಸುಂಟಿಕೊಪ್ಪ_ರೊಬಸ್ಟಾ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಬಾಣೆ ಮರ ಮತ್ತು ಗಡಿ ಸಾಲು ಕೊಡುವುದಿಲ್ಲ ಅಂತ ವ್ಯಾಪಾರಿಗೆ ಇವತ್ತೇ ಫೋನ್ ಮಾಡಿ ಹೇಳಿದೆ. ಕೊಂಬೆ ವಿಷಯ ಇನ್ನೂ ಯೋಚಿಸುತ್ತಿದ್ದೇನೆ. ಇನ್ನೆರಡು ಪ್ರಶ್ನೆ ಇದೆ.

ಲೈನ್‌ಮನೆಯಲ್ಲಿ ಅಷ್ಟೂ ಜನ ಸೌದೆ ಒಲೆಯಲ್ಲೇ ಅಡುಗೆ ಮಾಡುತ್ತಾರೆ. ಗ್ಯಾಸ್ ಪೆಟ್ರೋಲಿಯಂನಿಂದ ಬರುವುದು, ಸೌದೆ ತೋಟದ್ದೇ. ಇಂಗಾಲದ ಲೆಕ್ಕದಲ್ಲಿ ಅವರಿಗೆ ಗ್ಯಾಸ್ ಕೊಡಿಸಿ ಆ ಸೌದೆ ಉಳಿಸುವುದು ಸರಿಯಾ ತಪ್ಪಾ? ಇನ್ನೊಂದು, ಕಾಫಿ ಸಿಪ್ಪೆಯನ್ನು ಯಾಕೆ ಯಾರೂ ಕೇಳುತ್ತಿಲ್ಲ?

ಮೂರ್ನಾಡು_ಅಕ್ಕ

ಲೈನ್‌ಮನೆ ಪ್ರಶ್ನೆ ಕೇಳಿದ್ದಕ್ಕೆ ಸಂತೋಷ ಆಯಿತು. ನಾನು ಆರೋಗ್ಯ ಇಲಾಖೆಯ ಕೆಲಸದ ಮೇಲೆ ತೋಟ ತೋಟ ತಿರುಗುವವಳು. ಮಳೆಗಾಲದಲ್ಲಿ ಬಾಗಿಲು ಕಿಟಕಿ ಮುಚ್ಚಿ, ಹಸಿ ಸೌದೆ ಊದಿ ಊದಿ ಅನ್ನ ಮಾಡುವ ಹೆಂಗಸರ ಕೆಮ್ಮು ಕೇಳಿದವರಿಗೆ ಈ ಲೆಕ್ಕ ಕಾಗದದ ವಿಷಯ ಅನ್ನಿಸುವುದಿಲ್ಲ.

ಲೆಕ್ಕವೇ ಬೇಕು ಅಂದರೆ ಇಲ್ಲಿದೆ. 14.2 ಕೆಜಿಯ ಒಂದು ಸಿಲಿಂಡರ್ ಉರಿದರೆ ಸುಮಾರು 42 ಕೆಜಿ ಕಾರ್ಬನ್ ಡೈಆಕ್ಸೈಡ್. ಗ್ಯಾಸ್ ಒಲೆಯ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಪಾತ್ರೆಗೆ ಸಿಗುತ್ತದೆ. ಮೂರು ಕಲ್ಲಿನ ಒಲೆಯಲ್ಲಿ ನೂರಕ್ಕೆ ಹತ್ತು ಹದಿನೈದು ಮಾತ್ರ. ಹಾಗಾಗಿ ಆ ಒಂದು ಸಿಲಿಂಡರಿನ ಅಡುಗೆಗೆ 200 ಕೆಜಿ ಹತ್ತಿರ ಒಣ ಸೌದೆ ಬೇಕು. ಅದರಿಂದ ಹೋಗುವುದು ಸುಮಾರು 300 ಕೆಜಿ ಕಾರ್ಬನ್ ಡೈಆಕ್ಸೈಡ್. ಕಪಾತಿನ ಕೊಂಬೆ ಆದ್ದರಿಂದ ಅದು ಮತ್ತೆ ಚಿಗುರಿ ಹಿಡಿಯುತ್ತದೆ ಅಂತ ಒಪ್ಪೋಣ. ಆದರೆ ಸರಿಯಾಗಿ ಉರಿಯದ ಹೊಗೆಯಲ್ಲಿ ಮಸಿ ಇದೆ, ಮೀಥೇನ್ ಇದೆ. ಅವೂ ಭೂಮಿಯನ್ನು ಬಿಸಿ ಮಾಡುತ್ತವೆ, ಚಿಗುರು ಅದನ್ನು ವಾಪಸ್ ಹಿಡಿಯುವುದಿಲ್ಲ. ಗ್ಯಾಸ್ ಕೊಡಿಸಿ. ಉಜ್ವಲ ಯೋಜನೆಯಲ್ಲಿ ಸಂಪರ್ಕ ಸಿಕ್ಕವರೂ ಎರಡನೇ ಸಿಲಿಂಡರ್ ತುಂಬಿಸಲು ಹಣ ಇಲ್ಲದೆ ಒಲೆಗೆ ಮರಳಿರುವುದನ್ನು ನೋಡುತ್ತಿದ್ದೇನೆ, ಹಾಗಾಗಿ ತುಂಬಿಸುವ ಖರ್ಚಿನಲ್ಲಿ ತೋಟದವರು ಒಂದು ಪಾಲು ಕೊಟ್ಟರೆ ಮಾತ್ರ ಉಪಯೋಗ.

ಸ್ನಾನದ ನೀರಿಗೆ ಸೌದೆ ಇರಲಿ, ಕೊಡಗಿನ ಮಳೆಯಲ್ಲಿ ಅದು ತಪ್ಪುವುದಿಲ್ಲ. ಅದಕ್ಕೆ ಹೊಗೆ ಕೊಳವೆ ಇರುವ ಒಳ್ಳೆ ಒಲೆ ಕಟ್ಟಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರು 1974ರಲ್ಲಿ ಶುರು ಮಾಡಿದ ‘ಅಸ್ತ್ರ’ ಕೇಂದ್ರದಿಂದ ಬಂದ ಅಸ್ತ್ರ ಒಲೆ ನಮ್ಮ ರಾಜ್ಯದ ಎಷ್ಟೋ ಹಳ್ಳಿಗಳಲ್ಲಿ ಕಟ್ಟಿಸಿದ್ದರು, ಹಿರಿಯರಿಗೆ ನೆನಪಿರಬಹುದು. ಸೌದೆ ಕಡಿಮೆ ತಿನ್ನುತ್ತದೆ, ಹೊಗೆ ಮನೆಯೊಳಗೆ ನಿಲ್ಲುವುದಿಲ್ಲ. ಕಟ್ಟಲು ಗೊತ್ತಿರುವ ಗಾರೆಯವರು ಈಗ ಕಮ್ಮಿ, ಆದರೂ ಹುಡುಕಿ.

ಬೆಂಗಳೂರಲ್ಲಿರೋ_ಕೊಡಗಿನವಳು

ಅಕ್ಕ ಹೇಳಿದ್ದಕ್ಕೆ ನನ್ನದೂ ಸಹಿ. ಕಾಫಿ ಸಿಪ್ಪೆ ಬಗ್ಗೆ: ಕೇಳುತ್ತಿದ್ದಾರೆ, ನಿಮ್ಮ ಹತ್ತಿರ ಬರುವುದಿಲ್ಲ ಅಷ್ಟೇ. ನೀವು ಒಣ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಮಾರುವುದರಿಂದ ಸಿಪ್ಪೆ, ಬೀಜ ಬೇರ್ಪಡಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಉಳಿಯುತ್ತದೆ. 50 ಕೆಜಿ ರೊಬಸ್ಟಾ ಚೆರಿ ಮೂಟೆಗೆ ಔಟ್‌ಟರ್ನ್ (ಸಿಗುವ ಬೀಜ) 26-27 ಕೆಜಿ ಅಂದರೆ ಉಳಿದ 20 ಕೆಜಿ ಮೇಲ್ಪಟ್ಟು ಸಿಪ್ಪೆಯೇ. ಕುಶಾಲನಗರದ ಕೂಡ್ಲೂರು ಕಡೆಯ ಕ್ಯೂರಿಂಗ್ ಘಟಕಗಳಲ್ಲಿ ಅದು ಒಂದೇ ಜಾಗದಲ್ಲಿ, ಒಣಗಿಯೇ ಸಿಗುತ್ತದೆ. ಮರ ಕಡಿಯಬೇಕಿಲ್ಲ, ಒಣಗಿಸಬೇಕಿಲ್ಲ, ಅಲ್ಲಿವರೆಗಿನ ಸಾಗಣೆ ಕಾಫಿಗಾಗಿ ಹೇಗೂ ಆಗಿದೆ. ಬಾಯ್ಲರ್‌ನವರಿಗೆ ಹಸಿರು ಇಂಧನ ಬೇಕಿದ್ದರೆ ಮೊದಲು ಹೋಗಬೇಕಾದ್ದು ಅಲ್ಲಿಗೆ.

ಬಾಣೆಕಾಡು

ಸಿಪ್ಪೆ ಪೂರ್ತಿ ಬಾಯ್ಲರ್‌ಗೆ ಕೊಡಬೇಡಿ ಅಂತ ಒಂದು ಸೇರಿಸುತ್ತೇನೆ. ಅದರಲ್ಲಿ ಪೊಟ್ಯಾಶ್ ಚೆನ್ನಾಗಿದೆ, ಕೊಳೆಸಿ ತೋಟಕ್ಕೆ ಹಾಕಿದರೆ ಅಂಗಡಿ ಗೊಬ್ಬರ ಅಷ್ಟು ಕಮ್ಮಿ ಸಾಕು. ಗೊಬ್ಬರ ತಯಾರಿಸಿ ಇಲ್ಲಿಗೆ ತರುವುದರಲ್ಲೂ ಇಂಗಾಲ ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಸುಂಟಿಕೊಪ್ಪ_ರೊಬಸ್ಟಾ

ಸರಿ. ಲೈನ್‌ಮನೆಗೆ ಗ್ಯಾಸ್, ಸಣ್ಣ ರೆಂಬೆ ಮಣ್ಣಿಗೆ. ಹಾಗೆ ಉಳಿಯುವ ದಪ್ಪ ಕೊಂಬೆ ಪಿರಿಯಾಪಟ್ಟಣದ ಕಡೆ ಕೊಡೋಣ ಅಂತಿದ್ದೇನೆ. ಘಾಟಿ ಚಾಲಕ ಅಣ್ಣ, ಒಣಗಿಸಿ ತುಂಬಿ ಅಂದಿರಲ್ಲ, ಕಪಾತು ಆಗುವುದೇ ಮಳೆಗೆ ಮುಂಚೆ. ಯಾವಾಗ ಒಣಗಿಸೋದು?

ಘಾಟಿ_ಚಾಲಕ

ಈ ವರ್ಷದ್ದು ಈ ವರ್ಷವೇ ಕಳಿಸಬೇಕು ಅನ್ನುವ ಆತುರ ಬಿಡಿ. ಕಪಾತಿನ ಕೊಂಬೆಯನ್ನು ಒಂದೇ ಉದ್ದಕ್ಕೆ, ಮೂರು ಮೂರೂವರೆ ಅಡಿಗೆ ತುಂಡು ಮಾಡಿಸಿ. ಹಾಗೆ ಮಾಡಿದರೆ ಗಾಡಿಯಲ್ಲಿ ಒತ್ತಾಗಿ ಕೂರುತ್ತದೆ, ನಡುವಿನ ಗಾಳಿ ಕಮ್ಮಿ. ಕೆಳಗೆ ಕಲ್ಲು ಇಟ್ಟು ನೆಲದಿಂದ ಎತ್ತರಿಸಿ ಜೋಡಿಸಿ, ಮೇಲೆ ಶೀಟ್ ಹಾಕಿ. ಪಕ್ಕ ಮುಚ್ಚಬೇಡಿ, ಗಾಳಿ ಆಡಬೇಕು. ಮಳೆಗಾಲ ಹಾಗೇ ಇರಲಿ. ರೊಬಸ್ಟಾ ಕೊಯ್ಲು ಮುಗಿಯುವ ಹೊತ್ತಿಗೆ, ಮಾರ್ಚ್‌ನಲ್ಲಿ, ಚೆನ್ನಾಗಿ ಒಣಗಿರುತ್ತದೆ. ತಂಬಾಕಿನವರೂ ಬ್ಯಾರನ್ ಹಚ್ಚುವ ಮುಂಚೆ, ಬೇಸಿಗೆಯಲ್ಲೇ ಸೌದೆ ಕೂಡಿಡುತ್ತಾರೆ. ಕುಶಾಲನಗರಕ್ಕೆ ಕಾಫಿ ಇಳಿಸಲು ಹೋಗುವ ಗಾಡಿಗಳು ಆ ತಿಂಗಳು ದಿನಾ ಓಡುತ್ತವೆ. ನಿಮ್ಮ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಕೇಳಿ ನೋಡಿ, ಅದರಲ್ಲೇ ಜಾಗ ಸಿಕ್ಕರೆ ಬೇರೆ ಲಾರಿ ಕರೆಸುವುದೇ ಬೇಡ. ಬೈಲುಕುಪ್ಪೆ ದಾಟಿದರೆ ಪಿರಿಯಾಪಟ್ಟಣ ಅಲ್ಲೇ.